ಭಾನುವಾರದ ಚರ್ಚೆ: ಸೇಂಟ್ ಕಿಲ್ಡಾ

ಇತಿಹಾಸ ಓದುಗರ ಬಳಗದ ಎಲ್ಲ ಸದಸ್ಯರಿಗೆ ನಮಸ್ಕಾರ.

ಈ ಭಾನುವಾರ ಸಂಜೆ 6 ಗಂಟೆಯ ಆನ್‌ಲೈನ್ ಚರ್ಚೆಗೆ, ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿರುವ ಸೇಂಟ್ ಕಿಲ್ಡಾ ದ್ವೀಪಸಮೂಹದ ಜನಜೀವನವನ್ನು ಆರಿಸಿಕೊಂಡಿದ್ದೇವೆ. ಅಲ್ಲಿನ ಹಿರ್ಟಾ ದ್ವೀಪದಲ್ಲಿ ಉಳಿದಿದ್ದ 36 ಮಂದಿ, ತಾವೇ ಸರ್ಕಾರಕ್ಕೆ ಮನವಿ ಸಲ್ಲಿಸಿ, 1930ರ ಆಗಸ್ಟ್ 29ರಂದು ‘ಹೇರ್‌ಬೆಲ್’ ನೌಕೆಯೇರಿ ಊರು ತೊರೆದರು. ಗೇಲಿಕ್ ಭಾಷೆಯಾಡುತ್ತಿದ್ದ ಇವರು ಕಡಿದಾದ ಬಂಡೆಗಳಲ್ಲಿ ಹಗ್ಗ ಹಿಡಿದು ಇಳಿದು ಕಡಲಹಕ್ಕಿಗಳನ್ನೂ ಮೊಟ್ಟೆಗಳನ್ನೂ ಸಂಗ್ರಹಿಸುತ್ತಿದ್ದರು. ಗಂಡಸರು ಬೆಳಗ್ಗೆ ಬೀದಿಯಲ್ಲಿ ಸೇರಿ ಅಂದಿನ ಕೆಲಸವನ್ನು ನಿಶ್ಚಯಿಸುತ್ತಿದ್ದ ಕೂಟಕ್ಕೆ ‘ಪಾರ್ಲಿಮೆಂಟ್’ ಎಂಬ ಹೆಸರೇ ಬಿದ್ದಿತ್ತು.

ಒಂಟಿತನ ತಾಳಲಾರದೆ ಹೊರಟರು ಎಂದಷ್ಟೇ ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. 1852ರಲ್ಲಿ 36 ಮಂದಿ ಆಸ್ಟ್ರೇಲಿಯಕ್ಕೆ ವಲಸೆ ಹೋದದ್ದು, ನವಜಾತ ಶಿಶುಗಳನ್ನು ದಶಕಗಳ ಕಾಲ ಬಲಿ ಪಡೆದ ಧನುರ್ವಾಯು, ಮೊದಲ ಮಹಾಯುದ್ಧದ ನಂತರ ಯುವಕರು ದ್ವೀಪ ಬಿಟ್ಟದ್ದು, ಇವೆಲ್ಲವೂ ಚರ್ಚೆಗೆ ಬರಬೇಕು.

ಐದು ನಿಮಿಷ ಮಾತನಾಡಬಯಸುವವರು ಆರಿಸಿಕೊಂಡ ಅಂಶವನ್ನು ಗುರುವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಬೇಕು. ಉಳಿದವರು ಬರುವುದನ್ನೋ ಬಾರದಿರುವುದನ್ನೋ ಒಂದು ಸಾಲಿನಲ್ಲಿ ಬರೆದರೆ ಸಾಕು. ಚರ್ಚೆಯ ಕೊಂಡಿಯನ್ನು ಶನಿವಾರ ಹಾಕುತ್ತೇನೆ.