'ಅಂತೆ' ಪ್ರತ್ಯಯದ ಗೆಳೆಯನಿಗೆ

ಲೋ ಮೂರನೇ ವಿಭಕ್ತಿ,

ನಿನಗೊಬ್ಬನಿಗೇ ಕಳಿಸಿದರೆ ಒಂದು ಹೆಬ್ಬೆರಳು ಒತ್ತಿ ಮರೆತುಬಿಡುತ್ತೀಯ. ಅದಕ್ಕೇ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ಉಳಿದವರ ಗಮನಕ್ಕೆ: ಇವನೂ ನಾನೂ ಎಂಟನೇ ಕ್ಲಾಸಿನಲ್ಲಿ ಒಂದು ಭಾಷೆ ಕಟ್ಟಿದ್ದೆವು. ಹೆಸರು ಓಲ್ಮಾ, ಆಡುವವರು ಇಬ್ಬರು. (ಛತ್ರಿ ವಿಷಯ ಎತ್ತುವುದಿಲ್ಲ, ಹೆದರಬೇಡ.)

ನಿನಗೆ ಗೊತ್ತಿಲ್ಲದ್ದು ಅಂದರೆ, ನಾನು ಅದನ್ನು ಬಿಟ್ಟೇ ಇಲ್ಲ ಕಣೋ. ಈಗಲೂ ರಾತ್ರಿ ಕೂತು ವ್ಯಾಕರಣ ಬರೆಯುತ್ತೇನೆ.

ಆಗ ನಾವು ಮಾಡಿದ್ದು ಕನ್ನಡಕ್ಕೆ ಹಾಕಿದ ವೇಷ ಅಷ್ಟೇ. ಪದ ಹೊಸದು, ಒಳಗಿನ ಎಲುಬು ಅದೇ: ಕರ್ತೃ ಮೊದಲು, ಕ್ರಿಯಾಪದ ಕೊನೆಗೆ. ಪದ ಹುಟ್ಟಿಸೋದು ಸುಲಭ, ಬಾಯಿಗೆ ಬಂದದ್ದು ಅಂದರಾಯಿತು. ವ್ಯಾಕರಣ ಹಾಗಲ್ಲ. 'ಸ್ಟಾರ್ ಟ್ರೆಕ್' ಸಿನಿಮಾದ ಅನ್ಯಗ್ರಹದವರಿಗೆ ಕ್ಲಿಂಗಾನ್ ಭಾಷೆ ಕಟ್ಟಿದ ಮಾರ್ಕ್ ಓಕ್ರಾಂಡ್ ಬೇಕಂತಲೇ ಕರ್ಮವನ್ನು ಮೊದಲಿಟ್ಟು ಕರ್ತೃವನ್ನು ಕೊನೆಗೆ ತಳ್ಳಿದ, ಬೇರೆ ಲೋಕದವರ ಮಾತು ಅನ್ನಿಸಬೇಕಲ್ಲ. ಎಲ್ಲ ದೇಶದವರಿಗೂ ಆಗಲಿ ಅಂತ ಕಟ್ಟಿದ ಎಸ್ಪೆರಾಂಟೊ ಭಾಷೆಯಲ್ಲಿ 'ಬೋನಾ' ಅಂದರೆ ಒಳ್ಳೆಯ, 'ಮಲ್‌ಬೋನಾ' ಅಂದರೆ ಕೆಟ್ಟ; ಒಂದು 'ಮಲ್' ಇದ್ದರೆ ಎಷ್ಟೋ ಪದ ಕಲಿಯೋದೇ ಬೇಡ. ನಾನೂ ಇಂಥದ್ದನ್ನೆಲ್ಲ ಅಲ್ಲಿಂದ ಇಲ್ಲಿಂದ ಕದ್ದೆ.

ಜಾಸ್ತಿ ಹೆಮ್ಮೆಪಟ್ಟು ಕದ್ದದ್ದು ಟರ್ಕಿಶ್‌ನಿಂದ. ಅಲ್ಲಿ 'ಗೆಲ್ದಿ' ಅಂದರೆ ಬಂದ. 'ಗೆಲ್ಮಿಶ್' ಅಂದರೂ ಬಂದ, ಆದರೆ ಹೇಳುವವನು ನೋಡಿಲ್ಲ, ಯಾರೋ ಹೇಳಿದ್ದು, ಇಲ್ಲಾ ಗುರುತು ನೋಡಿ ತಿಳಿದದ್ದು. ಆಹಾ ಅಂತ ಓಲ್ಮಾಕ್ಕೆ ತಂದು ಅಂಟಿಸಿ, ವಾರ ಕಳೆದ ಮೇಲೆ ಹೊಳೆಯಿತು: ಬಂದ, ಬಂದನಂತೆ, ಬಂದಿರಬೇಕು. ಹುಟ್ಟಿದಾಗಿನಿಂದ ನನ್ನ ಬಾಯಲ್ಲೇ ಇತ್ತು ಮಾರಾಯ! ಒಂದೇ ವ್ಯತ್ಯಾಸ. ಕನ್ನಡದಲ್ಲಿ 'ಅಂತೆ' ಬಿಟ್ಟು ಮಾತಾಡಬಹುದು, ಯಾರೂ ಹಿಡಿಯಲ್ಲ. ಓಲ್ಮಾದಲ್ಲಿ ಆ ಅವಕಾಶ ಇಲ್ಲ. ಕಂಡದ್ದಕ್ಕೆ 'ಪಾ', ಕೇಳಿದ್ದಕ್ಕೆ 'ರಿ', ಊಹಿಸಿದ್ದಕ್ಕೆ 'ಗೋ'. ಮೂರರಲ್ಲಿ ಒಂದು ಹಚ್ಚದಿದ್ದರೆ ವಾಕ್ಯವೇ ತಪ್ಪು.

ಮೊನ್ನೆ ಹಳೆಯ ಉದಾಹರಣೆ ವಾಕ್ಯಗಳಿಗೆಲ್ಲ ಈ ನಿಯಮ ಹಚ್ಚುತ್ತಾ ಕೂತೆ. ವ್ಯಾಕರಣಕ್ಕೆ ಉದಾಹರಣೆ ಬೇಕೇ ಬೇಕು, ಕರ್ತೃ ಯಾರಾದರೇನು ಅಂತ ಸುಮ್ನೆ ಪ್ರತಿ ಸಲ ನಿನ್ನನ್ನೇ ಕೂರಿಸಿದ್ದೇನೆ. ಮೊದಲ ಪುಟಗಳು ಚೆನ್ನಾಗಿ ಹೋದವು. ಅವನು ಓಡಿದ, ಪಾ. ಅವನು ಮರದಿಂದ ಬಿದ್ದ, ಪಾ. ಅವನು ಅಳಲಿಲ್ಲ, ಪಾ (ಇದು ಸುಳ್ಳು, ಆದರೆ ಇರಲಿ). ಆಮೇಲೆ ಪುಟ ತಿರುಗಿಸಿದಂತೆ ಕೈ ನಿಧಾನವಾಯಿತು. ಅವನು ಕೆಲಸ ಬದಲಿಸಿದ, ರಿ. ಅವನಿಗೆ ಮಗಳು ಹುಟ್ಟಿದಳು, ರಿ. ಅವನ ಅಪ್ಪ ತೀರಿಕೊಂಡರು, ರಿ.

ಹದಿನಾಲ್ಕು ಪುಟ, ಒಂದೂ 'ಪಾ' ಇಲ್ಲ.

ನಿಮ್ಮಪ್ಪನ ಸುದ್ದಿ ನನಗೆ ಅವತ್ತೇ ಗೊತ್ತಾಗಿತ್ತು ಕಣೋ. ತಡವಾಗಿ ತಿಳಿಯಿತು ಅಂತ ನಿನಗೆ ಬರೆದೆನಲ್ಲ, ಅದು ಸುಳ್ಳು. ರಜೆ ಇತ್ತು, ಬಸ್ಸೂ ಇತ್ತು. ನಿನ್ನೆದುರು ಬಂದು ಏನು ಹೇಳಬೇಕೋ ತಿಳಿಯದೆ ಮನೆಯಲ್ಲೇ ಕೂತೆ, ಕೂತು ಸಂಬಂಧ ಸೂಚಕ ಪ್ರತ್ಯಯಗಳ ಪಟ್ಟಿ ಸರಿ ಮಾಡಿದೆ. ಆ ಪಟ್ಟಿಯ ಮೇಲೆ ಆವತ್ತಿನ ತಾರೀಖು ಇದೆ. ಇದನ್ನು ಬರೆಯಬೇಕು ಅಂತ ಇವತ್ತು ಕೂತಿರಲಿಲ್ಲ.

ಎಸ್ಪೆರಾಂಟೊ ಕಟ್ಟಿದ ಜಾಮೆನ್‌ಹಾಫ್ ಗೊತ್ತಲ್ಲ, 1878ರಲ್ಲಿ, ಇನ್ನೂ ಶಾಲೆಯಲ್ಲಿದ್ದಾಗ, ಅವನ ಭಾಷೆಯ ಮೊದಲ ರೂಪ ಸಿದ್ಧವಾದಾಗ ಸಹಪಾಠಿಗಳು ಸೇರಿ ಅದರಲ್ಲೇ ಹಾಡು ಹಾಡಿದ್ದರು. ದೊಡ್ಡವರು ನಕ್ಕ ಮೇಲೆ ಎಲ್ಲರೂ ಕೈಬಿಟ್ಟರು, ಅವನೊಬ್ಬನೇ ಉಳಿದ. 1887ರಲ್ಲಿ ಅವನು ಬೇರೆ ಹೆಸರಿನಲ್ಲಿ ಪುಸ್ತಕ ತಂದ, 16 ನಿಯಮಗಳ ವ್ಯಾಕರಣ. ನಾನೂ ಹಾಗೇ ಒಂಟಿ ಸಾಧಕ ಅಂತ ಇಷ್ಟು ದಿನ ಬೀಗುತ್ತಿದ್ದೆ. ಆದರೆ ಇಲ್ಲಿ ಕೈಬಿಟ್ಟದ್ದು ನೀನಲ್ಲ. ಮೇಲಾಗಿ ಅವನಿಗೆ 16 ನಿಯಮ ಸಾಕಾಯಿತು, ನನಗೆ ಬಹುವಚನಕ್ಕೇ 23.

ಹೋಗಲಿ, ಒಂದು ತಾಂತ್ರಿಕ ಸಮಸ್ಯೆ ಇದೆ. ಅಮೆಜಾನ್ ಕಾಡಿನ ಕಡೆ ತುಯುಕ ಅಂತ ಒಂದು ಭಾಷೆ ಇದೆ. ಕಣ್ಣಿಗೆ ಕಾಣದೆ ಕಿವಿಗಷ್ಟೇ ಬಿದ್ದದ್ದಕ್ಕೆ ಅಲ್ಲಿ ಬೇರೆಯೇ ಪ್ರತ್ಯಯ. ಓಲ್ಮಾದಲ್ಲಿ ಅದಿಲ್ಲ. ಫೋನಿನಲ್ಲಿ ನೀನು ಬೈದರೆ ಅದಕ್ಕೆ 'ಪಾ' ಹಚ್ಚಲೋ 'ರಿ' ಹಚ್ಚಲೋ? ನಿಯಮ ಬರೆಯೋ ಮೊದಲು ಒಂದು ಉದಾಹರಣೆ ಬೇಕು. ಭಾನುವಾರ ಬಿಡುವಾಗಿರುತ್ತೇನೆ.

ಛತ್ರಿ ಇನ್ನೂ ನನ್ನ ಹತ್ತಿರವೇ ಇದೆ, ಪಾ.

ನಿನ್ನ,
ಅರ್ಧವಿರಾಮ