ಬಿಐಡಿ ಮತದಾನ: ಗುರುವಾರ ಸಂಜೆ 5ರೊಳಗೆ

ಎಲ್ಲರಿಗೂ ನಮಸ್ಕಾರ 🙏

ಇಂಗ್ಲೆಂಡಿನ ನಮ್ಮ ಟೌನ್ ಸೆಂಟರ್‌ನಲ್ಲಿ ಅಂಗಡಿ, ಹೋಟೆಲ್ ನಡೆಸುವವರ ಗಮನಕ್ಕೆ. ಬಿಸಿನೆಸ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್ (ಬಿಐಡಿ), ಅಂದರೆ ವ್ಯಾಪಾರಿಗಳೇ ಹಣ ಹಾಕಿ ತಮ್ಮ ಪ್ರದೇಶ ಸುಧಾರಿಸುವ ಯೋಜನೆಯ 5 ವರ್ಷದ ಅವಧಿ ಮುಗಿಯುತ್ತಿದೆ. ಮುಂದುವರಿಸಬೇಕೋ ಬೇಡವೋ ಎಂಬ ಅಂಚೆ ಮತದಾನ ಬರುವ ಗುರುವಾರ ಸಂಜೆ 5ಕ್ಕೆ ಕೊನೆ. ಪೋಸ್ಟ್ ಮಾಡಿದ ದಿನ ಲೆಕ್ಕಕ್ಕಿಲ್ಲ, ತಲುಪಿದ್ದಷ್ಟೇ ಲೆಕ್ಕ, ಸೋಮವಾರವೇ ಹಾಕಿಬಿಡಿ.

ಮತಪತ್ರ ಬರುವುದು ಸಾಮಾನ್ಯವಾಗಿ ಬಿಸಿನೆಸ್ ರೇಟ್ಸ್ (ಮಳಿಗೆ ಮೇಲಿನ ತೆರಿಗೆ) ಬಿಲ್ಲಿನ ವಿಳಾಸಕ್ಕೆ. ಹಾಗಾಗಿಯೇ ಎಷ್ಟೋ ಸಲ ಅಕೌಂಟೆಂಟ್ ಮೇಜಿನ ಮೇಲೆ ಕೂತಿರುತ್ತದೆ! ಅಲ್ಲೂ ಸಿಗದಿದ್ದರೆ ಕೌನ್ಸಿಲ್‌ನ ಚುನಾವಣಾ ವಿಭಾಗಕ್ಕೆ ಫೋನ್ ಮಾಡಿ ಬದಲಿ ಪತ್ರ ಕೇಳಿ. ಸಹಿ ಮರೆಯಬೇಡಿ, ಸಹಿ ಇಲ್ಲದಿದ್ದರೆ ಮತ ತಿರಸ್ಕೃತ. ಎರಡು ಮಳಿಗೆ ಇದ್ದವರಿಗೆ ಎರಡು ಮತ.

ಗೆಲ್ಲಲು ಎರಡು ಬಹುಮತ ಬೇಕು: ಬಿದ್ದ ಮತಗಳ ಸಂಖ್ಯೆಯಲ್ಲೂ, ಆ ಮಳಿಗೆಗಳ ಒಟ್ಟು ರೇಟಬಲ್ ವ್ಯಾಲ್ಯೂನಲ್ಲೂ (ಆ ತೆರಿಗೆಗಾಗಿ ಮಳಿಗೆಗೆ ಕಟ್ಟಿದ ಮೌಲ್ಯ). ಗೆದ್ದರೆ ‘ಬೇಡ’ ಎಂದವರೂ ಲೆವಿ (ಬಿಐಡಿ ಶುಲ್ಕ) ಕಟ್ಟಲೇಬೇಕು. ದರ 1.5% ಆದರೆ, 20,000 ಪೌಂಡ್ ವ್ಯಾಲ್ಯೂ ಇರುವ ಅಂಗಡಿಗೆ ವರ್ಷಕ್ಕೆ 300 ಪೌಂಡ್. ಆ ಹಣ ವಾರ್ಡನ್‌ಗಳು, ಕಳ್ಳರ ಬಗ್ಗೆ ಎಚ್ಚರಿಸುವ ರೇಡಿಯೊ, ಕ್ರಿಸ್‌ಮಸ್ ದೀಪಗಳಂಥ ಹೆಚ್ಚುವರಿ ಕೆಲಸಕ್ಕೆ. ಕೌನ್ಸಿಲ್ ಹೇಗೂ ಮಾಡಬೇಕಾದ ಕಸ ಗುಡಿಸುವುದಕ್ಕಲ್ಲ. ಬೇಸ್‌ಲೈನ್ ಒಪ್ಪಂದ (ಕೌನ್ಸಿಲ್ ಹೇಗೂ ಕೊಡುವ ಸೇವೆಗಳ ಪಟ್ಟಿ) ಓದಿಯೇ ಮತ ಹಾಕಿ, ಅಸಲು ವಿಷಯ ಅಲ್ಲಿರುತ್ತದೆ.

ಮತಪತ್ರ ‘ಬಂತು’ ಅಥವಾ ‘ಇಲ್ಲ’ ಎಂದು ಇಂದು ರಾತ್ರಿಯೊಳಗೆ ಇಲ್ಲೇ ತಿಳಿಸಿ.