ಹಳೇ ಗೋಡೆಗೆ ಸಿಮೆಂಟ್ ಬೇಡ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಮಳೆಗಾಲ ಮುಗಿದ ಮೇಲೆ ನಮ್ಮ ಕಡೆಯ ಒಂದು ಹಳೇ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗಿದ್ದೆ. ಎರಡು ವರ್ಷದ ಹಿಂದಷ್ಟೇ ರಿಪೇರಿಯಾದ ಗೋಡೆ. ಸಿಮೆಂಟ್ ಪ್ಲಾಸ್ಟರ್ ಹಪ್ಪಳದ ಹಾಗೆ ಉಬ್ಬಿತ್ತು. ಮುಟ್ಟಿದೆ, ಉದುರಿತು. ಜೊತೆಗೆ ಚಿರೆಕಲ್ಲಿನ, ಅಂದರೆ ನಮ್ಮ ಕರಾವಳಿಯ ಕೆಂಪು ಕಲ್ಲಿನ, ಮೈಯೂ ಕಿತ್ತು ಬಂತು. ನಮ್ಮಜ್ಜ ಗಾರೆ ಕೆಲಸದವರು. ಇದ್ದಿದ್ದರೆ ಬೈದೇ ಬಿಡುತ್ತಿದ್ದರು.

ಊರಿನ ಹಳೇ ವಿದ್ಯೆ ನಂಬಿ ಕಟ್ಟಿದ್ದು ಹೇಗಿರುತ್ತದೆ ಅಂತ ಹೇಳುತ್ತೇನೆ ಕೇಳಿ. ಹೋದ ವರ್ಷ ಚೆನ್ನೈಗೆ ಹೋದಾಗ ಎಗ್ಮೋರ್ ಸ್ಟೇಷನ್ ಹತ್ತಿರದ ಸೇಂಟ್ ಆಂಡ್ರೂಸ್ ಚರ್ಚ್ ನೋಡಿದೆ. ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಪಂಥದವರಿಗಾಗಿ ಕಟ್ಟಿದ್ದು. 1818ರಲ್ಲಿ ಅಡಿಗಲ್ಲು, 1821ರಲ್ಲಿ ಪ್ರಾರ್ಥನೆ ಶುರು. ಕಟ್ಟಿಸಿದ ಎಂಜಿನಿಯರ್ ಥಾಮಸ್ ಡಿ ಹ್ಯಾವಿಲೆಂಡ್. ಜಾಗ ನೋಡಿದರೆ ಜೌಗು. ಅವನು ಏನು ಮಾಡಿದ ಗೊತ್ತಾ? ನಮ್ಮ ದೇಶದ ಬಾವಿ ಇಳಿಸುವ ವಿದ್ಯೆಯನ್ನೇ ತಳಪಾಯಕ್ಕೆ ಹಚ್ಚಿದ. ಬಾವಿಗಳ ಮೇಲೆ ಇಡೀ ಚರ್ಚ್ ನಿಲ್ಲಿಸಿದ! ಎದುರಿನ ಮುಖ ಲಂಡನ್ನಿನ ಸೇಂಟ್ ಮಾರ್ಟಿನ್ ಚರ್ಚಿನ ಮಾದರಿ, ಕಾಲು ಮಾತ್ರ ಮದ್ರಾಸಿನ ಬಾವಿಯಲ್ಲಿ. ಒಳಗೆ ದುಂಡನೆಯ ಪ್ರಾರ್ಥನಾ ಮಂದಿರ, 16 ಕಂಬ, ಮೇಲೆ ನೀಲಿ ಗುಮ್ಮಟ, ಅದರ ತುಂಬಾ ಬಂಗಾರದ ಬಣ್ಣದ ನಕ್ಷತ್ರ. ಕತ್ತು ನೋಯುವವರೆಗೂ ನೋಡಿದೆ.

ಮದ್ರಾಸಿನ ಗಾರೆಯವರು ಚಿಪ್ಪು ಸುಟ್ಟ ಸುಣ್ಣವನ್ನು ಅಮೃತಶಿಲೆಯಂತೆ ಹೊಳೆಸುವುದಕ್ಕೆ ಹೆಸರಾಗಿದ್ದರು. ಚಿಪ್ಪಿಗೆ ನಮ್ಮ ಅಘನಾಶಿನಿ ಹೊಳೆಯಲ್ಲಿ ಬರವಾ? ಬಳಚಿನ ಸಾರು ಉಂಡು ಚಿಪ್ಪು ಎಸೆಯುವ ಊರು ನಮ್ಮದು.

ಚಿರೆಕಲ್ಲು ನೀರು ಕುಡಿಯುವ ಕಲ್ಲು. ಇಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಸುಣ್ಣದ ಗಾರೆಯಾದರೆ ಕುಡಿದ ನೀರು ಬಿಸಿಲಿಗೆ ಆರಿ ಹೋಗುತ್ತದೆ. ಸಿಮೆಂಟ್ ಅದಕ್ಕೆ ದಾರಿ ಬಿಡುವುದಿಲ್ಲ. ನೀರು ಒಳಗೇ ನಿಂತು, ಉಪ್ಪು ಕಟ್ಟಿ, ಕಲ್ಲನ್ನೇ ತಿನ್ನುತ್ತದೆ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಇಗರ್ಜಿಯಿರಲಿ, ದೇವಸ್ಥಾನವಿರಲಿ, ಮಸೀದಿ, ಬಸದಿ ಯಾವುದೇ ಇರಲಿ, ಹಳೇ ಚಿರೆಕಲ್ಲಿನ ಕಟ್ಟಡಕ್ಕೆ ಅನುದಾನ ಕೊಡುವಾಗ ಎಸ್ಟಿಮೇಟಿನಲ್ಲಿ ಸಿಮೆಂಟ್ ಬದಲು ಸುಣ್ಣದ ಗಾರೆ ಬರೆಸಿ. ಖರ್ಚು ಜಾಸ್ತಿ, ದಿನವೂ ಜಾಸ್ತಿ ಹಿಡಿಯುತ್ತದೆ, ಒಪ್ಪಿದೆ. ಆದರೆ ಎರಡು ವರ್ಷಕ್ಕೊಮ್ಮೆ ಅದೇ ಗೋಡೆಗೆ ದುಡ್ಡು ಸುರಿಯುವುದು ಅಗ್ಗವೇನಲ್ಲ, ಅಲ್ವಾ? ಗಾರೆ ಅರೆಯುವ ಹದ ಗೊತ್ತಿರುವ ಹಿರಿಯರು ನಮ್ಮಲ್ಲಿ ಇನ್ನೂ ಒಬ್ಬಿಬ್ಬರು ಇದ್ದಾರೆ. ಅವರ ಜೊತೆ ನಾಲ್ಕು ಹುಡುಗರನ್ನು ಕೂಲಿ ಕೊಟ್ಟು ನಿಲ್ಲಿಸಿ.

ಮುಂದಿನ ಮಳೆಯೊಳಗೆ ಒಂದೇ ಒಂದು ಗೋಡೆ ಮಾಡಿ ನೋಡೋಣ. ಕೆಲಸ ನೋಡಲು ನೀವೂ ಬನ್ನಿ. ಬಳಚಿನ ಸಾರು ನಮ್ಮನೆಯಲ್ಲಿ.

ಇಂತಿ,
ಕುಮಟಾದ ಒಬ್ಬ ಮತದಾರ